ಓದುಗರ ಪ್ರಶ್ನೆ, ನಮ್ಮ ಉತ್ತರ: ಇಂಗ್ಲೆಂಡಿನ ಹಳ್ಳಿಯ ಹಳೆಯ ಚರ್ಚ್

ಬದಿಯಡ್ಕದ ಓದುಗರೊಬ್ಬರು ಇಂಗ್ಲೆಂಡಿನ ಹಳ್ಳಿಯೊಂದರ ಹಳೆಯ ಚರ್ಚಿನ ಛಾಯಾಚಿತ್ರವನ್ನು ಕಳುಹಿಸಿ ಕೇಳಿದ್ದ ಪ್ರಶ್ನೆಯನ್ನು ಹಿಂದಿನ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದನ್ನು ನೋಡಿ ಬೇಳ, ನೀರ್ಚಾಲು, ಕುಂಬಳೆ ಮತ್ತು ಮುಳ್ಳೇರಿಯದಿಂದಲೂ ಪತ್ರಗಳು ಬಂದಿವೆ. ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದಾಳೆ. ಅವಳಲ್ಲಿಗೆ ಹೋಗಿದ್ದಾಗ, ನಲವತ್ತು ಮನೆಗಳೂ ಇಲ್ಲದ ಒಂದು ಹಳ್ಳಿಯಲ್ಲಿ ದೊಡ್ಡದೊಂದು ಕಲ್ಲಿನ ಚರ್ಚನ್ನು ನೋಡಿದೆವು. ಹನ್ನೆರಡನೆಯ ಶತಮಾನದ್ದು ಎಂದು ಫಲಕದಲ್ಲಿ ಬರೆದಿತ್ತು. ಆದರೆ ಬಾಗಿಲಿನ ಕಮಾನು ಅರ್ಧವೃತ್ತವಾಗಿದ್ದರೆ ಒಳಗಿನ ಕಮಾನುಗಳು ಚೂಪಾಗಿದ್ದವು; ಒಂದು ಕಿಟಕಿಯ ಹಾಗೆ ಇನ್ನೊಂದಿರಲಿಲ್ಲ. ಅಷ್ಟು ಸಣ್ಣ ಊರಿಗೆ ಅದನ್ನು ಕಟ್ಟಿಸಿದವರು ಯಾರು? ಅದರಲ್ಲಿ ಹನ್ನೆರಡನೆಯ ಶತಮಾನದ ಭಾಗ ಯಾವುದು? (ಬದಿಯಡ್ಕ)

ಉತ್ತರ: ಫಲಕದಲ್ಲಿ ಬರೆದಿರುವುದು ಈಗ ನಿಂತಿರುವ ಅತ್ಯಂತ ಹಳೆಯ ಭಾಗದ ಕಾಲವನ್ನು ಮಾತ್ರ. ಇಂಥ ಚರ್ಚುಗಳು ಒಮ್ಮೆಗೆ ಕಟ್ಟಿ ಮುಗಿಸಿದವಲ್ಲ; ನಾಲ್ಕು ನೂರು ವರ್ಷಗಳ ಕಾಲ ಒಡೆದು, ಸೇರಿಸಿ, ಎತ್ತರಿಸಿ ಬೆಳೆಸಿದವು. ನೀವು ಕಂಡ ಹೊಂದಾಣಿಕೆಯಿಲ್ಲದ ಕಿಟಕಿಗಳೇ ಅದಕ್ಕೆ ಸಾಕ್ಷಿ.

ಮೊದಲು ಕಟ್ಟಿಸಿದವರ ವಿಚಾರ. ಹತ್ತನೆಯ ಶತಮಾನಕ್ಕೂ ಹಿಂದೆ, ಹಲವು ಪಾದ್ರಿಗಳು ಒಟ್ಟಿಗೆ ವಾಸಿಸುವ ‘ಮಿನ್‌ಸ್ಟರ್’ ಎಂಬ ದೊಡ್ಡ ಚರ್ಚುಗಳು ವಿಶಾಲ ಪ್ರದೇಶವೊಂದನ್ನು ನೋಡಿಕೊಳ್ಳುತ್ತಿದ್ದವು. ಹತ್ತರಿಂದ ಹನ್ನೆರಡನೆಯ ಶತಮಾನದ ನಡುವೆ ಊರಿನ ಜಮೀನ್ದಾರರು ತಮ್ಮ ಮನೆಯ ಪಕ್ಕದಲ್ಲೇ ಚರ್ಚು ಕಟ್ಟಿಸಿ, ಪಾದ್ರಿಯೊಬ್ಬನನ್ನು ನೇಮಿಸಿ, ಅವನಿಗೆ ಉಂಬಳಿಯಾಗಿ ಒಂದಿಷ್ಟು ಭೂಮಿ ಬಿಡುವುದು ರೂಢಿಯಾಯಿತು. ಇದರ ಜೊತೆಗೆ ಊರವರು ಬೆಳೆದ ಧಾನ್ಯ, ಕುರಿಮರಿ, ಉಣ್ಣೆ ಎಲ್ಲದರ ಹತ್ತನೆಯ ಒಂದು ಪಾಲು ಚರ್ಚಿಗೆ ಸಲ್ಲಬೇಕಿತ್ತು. ಈ ದಶಾಂಶ ಯಾವ ಚರ್ಚಿಗೆ ಎಂಬ ಪ್ರಶ್ನೆ ಬಂದಾಗ ಗಡಿ ಗುರುತಿಸುವುದು ಅನಿವಾರ್ಯವಾಯಿತು. ಅಂಥ ಗಡಿಯೊಳಗಿನ ಊರೇ ‘ಪ್ಯಾರಿಷ್’, ನಮ್ಮ ಕಡೆಯ ಕ್ರೈಸ್ತರು ಧರ್ಮಕೇಂದ್ರ ಎನ್ನುವುದು ಇದನ್ನೇ. ಊರು ಇಂದು ಸಣ್ಣದಾಗಿರುವುದಕ್ಕೆ ಬೇರೆ ಕಾರಣಗಳಿವೆ. 1348–49ರ ಮಹಾಮಾರಿಯಲ್ಲಿ ಇಂಗ್ಲೆಂಡಿನ ಜನರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ಸತ್ತರು. ಆಮೇಲೆ ಎಷ್ಟೋ ಕಡೆ ಹೊಲಗಳು ಕುರಿಗಳ ಮೇವುಗಾವಲಾದವು. ಹಾರ್ಟ್‌ಫರ್ಡ್‌ಶೈರಿನ ಆಶ್‌ವೆಲ್ ಚರ್ಚಿನ ಗೋಪುರದ ಒಳಗೋಡೆಯಲ್ಲಿ ಆ ಪಿಡುಗಿನ ದುಃಖವನ್ನು ಯಾರೋ ಲ್ಯಾಟಿನ್ ಭಾಷೆಯಲ್ಲಿ ಗೀಚಿಟ್ಟ ಸಾಲುಗಳನ್ನು ಇಂದಿಗೂ ಓದಬಹುದು.

ಹಳೆಯ ಭಾಗವನ್ನು ಗುರುತಿಸಲು ಕಮಾನುಗಳನ್ನು ನೋಡಿರಿ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಕಟ್ಟಿದವುಗಳಲ್ಲಿ ಅರ್ಧವೃತ್ತದ ಕಮಾನು, ದಪ್ಪ ಗೋಡೆ, ಸಣ್ಣ ಕಿಟಕಿ ಕಾಣುತ್ತವೆ. ನಿಮ್ಮ ಚಿತ್ರದಲ್ಲಿರುವ ಬಾಗಿಲು ಈ ಕಾಲದ್ದು. ಈ ಶೈಲಿಯ ಕೆತ್ತನೆಯನ್ನು ನೋಡಬೇಕಾದರೆ ಹೆರೆಫರ್ಡ್‌ಶೈರಿನ ಕಿಲ್‌ಪೆಕ್‌ಗೆ ಹೋಗಬೇಕು. ಸುಮಾರು 1140ರಲ್ಲಿ ಕೆಂಪು ಮರಳುಗಲ್ಲಿನಲ್ಲಿ ಕಟ್ಟಿದ ಆ ಪುಟ್ಟ ಚರ್ಚಿನ ದಕ್ಷಿಣದ ಬಾಗಿಲಿನ ಸುತ್ತ ಬಳ್ಳಿ, ಹಾವು, ಯೋಧರು, ವಿಚಿತ್ರ ಪ್ರಾಣಿಗಳು ಹೆಣೆದುಕೊಂಡಿವೆ. ಸೂರಿನ ಕೆಳಗೆ ಸಾಲಾಗಿ ಹೊರಚಾಚಿದ ಕಲ್ಲುಗಳಲ್ಲಿ ನಾಯಿ, ಮೊಲ, ಮನುಷ್ಯರ ಮುಖಗಳಿವೆ. ದೇವಸ್ಥಾನದ ಬಾಗಿಲವಾಡವನ್ನು ನಿಂತು ನೋಡುವ ಅಭ್ಯಾಸವಿರುವ ನಮ್ಮವರಿಗೆ ಅಲ್ಲಿಂದ ಬೇಗ ಹೊರಡಲು ಮನಸ್ಸಾಗದು.

ಅರ್ಧವೃತ್ತದ ಕಮಾನಿಗೆ ಒಂದು ಕಟ್ಟುಪಾಡಿದೆ: ಅದರ ಎತ್ತರ ಅಗಲದ ಅರ್ಧದಷ್ಟೇ ಇರಬೇಕು. ಅಗಲ ಬದಲಾದರೆ ಎತ್ತರವೂ ಬದಲಾಗುತ್ತದೆ. ಹನ್ನೆರಡನೆಯ ಶತಮಾನದ ಕೊನೆಗೆ ಬಂದ ಚೂಪು ಕಮಾನು ಈ ಬಂಧನವನ್ನು ಬಿಡಿಸಿತು. ಅಗಲ ಯಾವುದೇ ಇರಲಿ, ತುದಿಯನ್ನು ಬೇಕಾದ ಎತ್ತರಕ್ಕೆ ಒಯ್ಯಬಹುದು, ಮತ್ತು ಭಾರವು ಪಕ್ಕಕ್ಕೆ ತಳ್ಳುವುದಕ್ಕಿಂತ ಹೆಚ್ಚಾಗಿ ಕೆಳಕ್ಕೆ ಇಳಿಯುತ್ತದೆ. ಗೋಡೆಗೆ ಹೊರಗಿನಿಂದ ಆಸರೆಯ ಕಂಬಗಳನ್ನೂ ಕಟ್ಟಿದಾಗ, ಗೋಡೆಯ ಜಾಗದಲ್ಲಿ ಗಾಜು ಬರಲು ಸಾಧ್ಯವಾಯಿತು. ಮೊದಲು ಕತ್ತಿಯಲಗಿನಂತೆ ಉದ್ದ, ಕಿರಿದಾದ ಕಿಟಕಿಗಳು. ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಅವುಗಳ ತಲೆಯಲ್ಲಿ ಎಲೆ, ಹೂವಿನಂತೆ ಬಾಗಿದ ಕಲ್ಲಿನ ಜಾಲರಿ. 1350ರ ನಂತರ ನೆಟ್ಟನೆಯ ಗೆರೆಗಳ ಜಾಲರಿಯ, ಗೋಡೆಯನ್ನೇ ತುಂಬುವ ಕಿಟಕಿಗಳು. ಥಾಮಸ್ ರಿಕ್‌ಮನ್ ಎಂಬ ವಾಸ್ತುಶಿಲ್ಪಿ 1817ರಲ್ಲಿ ಈ ಶೈಲಿಗಳಿಗೆ ನಾರ್ಮನ್, ಅರ್ಲಿ ಇಂಗ್ಲಿಷ್, ಡೆಕೊರೇಟೆಡ್, ಪರ್ಪೆಂಡಿಕ್ಯುಲರ್ ಎಂದು ಕೊಟ್ಟ ಹೆಸರುಗಳೇ ಈಗಲೂ ಬಳಕೆಯಲ್ಲಿವೆ.

ಇನ್ನು ಒಳಗಿನ ಚೂಪು ಕಮಾನುಗಳ ಸಾಲು. ಜನ ಹೆಚ್ಚಿದಾಗ ಪಕ್ಕಕ್ಕೆ ಒಂದು ಮೊಗಸಾಲೆಯನ್ನು ಸೇರಿಸುತ್ತಿದ್ದರು. ಅದಕ್ಕಾಗಿ ಹಳೆಯ ಗೋಡೆಯನ್ನು ಪೂರ್ತಿ ಕೆಡವದೆ, ಅದರಲ್ಲೇ ಕಮಾನುಗಳನ್ನು ಕೊರೆದು, ಮೇಲಿನ ಗೋಡೆಯನ್ನು ಹಾಗೆಯೇ ಉಳಿಸುವುದು ಸಾಮಾನ್ಯವಾಗಿತ್ತು. ಆದುದರಿಂದ ಕಮಾನಿನ ಮೇಲ್ಗಡೆ, ಯಾವ ಉಪಯೋಗಕ್ಕೂ ಇಲ್ಲದೆ ಮುಚ್ಚಿಹೋದ ಒಂದು ಸಣ್ಣ ಹಳೆಯ ಕಿಟಕಿ ಕಂಡರೆ, ಅದು ಒಂದು ಕಾಲದಲ್ಲಿ ಹೊರಗೋಡೆಯಾಗಿತ್ತು ಎಂದು ತಿಳಿಯಬೇಕು. ಗೋಪುರದ ಪೂರ್ವ ಮುಖದಲ್ಲಿ ಈಗಿನ ಮಾಡಿಗಿಂತ ಮೇಲೆ ತಲೆಕೆಳಗಾದ ‘ವಿ’ ಆಕಾರದ ಗೆರೆ ಇದ್ದರೆ, ಅದು ಹಿಂದಿನ ಕಡಿದಾದ ಮಾಡಿನ ಗುರುತು.

ಪೂರ್ವದ ಕೊನೆಯಲ್ಲಿ ಬಲಿಪೀಠವಿರುವ ಭಾಗಕ್ಕೆ ಚಾನ್ಸೆಲ್ ಎಂದೂ ಜನರು ನಿಲ್ಲುವ ಭಾಗಕ್ಕೆ ನೇವ್ ಎಂದೂ ಹೆಸರು. ಚಾನ್ಸೆಲ್‌ನ ದುರಸ್ತಿ ದಶಾಂಶ ಪಡೆಯುವವನ ಹೊಣೆ, ನೇವ್‌ನ ದುರಸ್ತಿ ಊರವರ ಹೊಣೆ. ಹೀಗಾಗಿ ಊರಿಗೆ ಹಣ ಬಂದಾಗ ನೇವ್ ಮಾತ್ರ ಎತ್ತರವಾಗಿ ಹೊಸದಾಯಿತು, ಚಾನ್ಸೆಲ್ ಹಳೆಯದಾಗಿಯೇ ಉಳಿಯಿತು. ಹದಿನೈದನೆಯ ಶತಮಾನದ ಹಣವೆಂದರೆ ಬಹುಪಾಲು ಉಣ್ಣೆ ಮತ್ತು ಬಟ್ಟೆಯ ಹಣ. ಗ್ಲಾಸ್ಟರ್‌ಶೈರಿನ ಫೇರ್‌ಫರ್ಡ್‌ನಲ್ಲಿ ಜಾನ್ ಟೇಮ್ ಎಂಬ ಉಣ್ಣೆ ವ್ಯಾಪಾರಿ ಹಳೆಯ ಚರ್ಚನ್ನು ಹೊಸದಾಗಿ ಕಟ್ಟಿಸಿದ; ಅಲ್ಲಿನ 28 ಕಿಟಕಿಗಳ ಬಣ್ಣದ ಗಾಜು ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದಿರುವುದು ಇಂಗ್ಲೆಂಡಿನ ಬೇರೆ ಯಾವ ಪ್ಯಾರಿಷ್ ಚರ್ಚಿಗೂ ಇಲ್ಲದ ಭಾಗ್ಯ.

ಪ್ರಶ್ನೆ: ನಮ್ಮ ಬೇಳದ ಇಗರ್ಜಿಯಲ್ಲೂ ಚೂಪು ಕಮಾನುಗಳಿವೆ, ಆದ್ದರಿಂದ ಚಿತ್ರವನ್ನು ಕುತೂಹಲದಿಂದ ನೋಡಿದೆ. ಆದರೆ ಅಲ್ಲಿನ ಗೋಡೆಗೂಡುಗಳು ಖಾಲಿ. ಮರಿಯಮ್ಮನ ಪ್ರತಿಮೆಯಿಲ್ಲ, ಸಂತರಿಲ್ಲ, ಗೋಡೆ ಬರಿಯ ಬಿಳಿ. ಮೊದಲಿನಿಂದಲೂ ಹೀಗೆಯೇ ಇತ್ತೇ? (ಬೇಳ)

ಉತ್ತರ: ಖಂಡಿತವಾಗಿಯೂ ಇರಲಿಲ್ಲ. 1890ರಲ್ಲಿ ಕಟ್ಟಿದ ಬೇಳದ ಇಗರ್ಜಿಯು ಮಧ್ಯಯುಗದ ಚೂಪು ಕಮಾನಿನ ಶೈಲಿಯನ್ನು, ಅಂದರೆ ಗೋಥಿಕ್ ಶೈಲಿಯನ್ನು, ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಎತ್ತಿಕೊಂಡ ಕಾಲದ್ದು. ನೀವು ಚಿತ್ರದಲ್ಲಿ ಕಂಡದ್ದು ಆ ಶೈಲಿಯ ಮೂಲ. ಮೂಲದಲ್ಲಿ ಇದ್ದ ಬಣ್ಣ, ದೀಪ, ಪ್ರತಿಮೆಗಳನ್ನು ನೆನೆದರೆ, ಇಂದು ಅಲ್ಲಿ ನಿಂತವರಿಗಿಂತ ಬೇಳದ ಇಗರ್ಜಿಯೊಳಗೆ ಬಲಿಪೂಜೆಗೆ ನಿಂತವರಿಗೇ ಅದು ಹೆಚ್ಚು ಪರಿಚಿತವೆನಿಸಬಹುದು.

1500ರ ಹೊತ್ತಿಗೆ ಇಂಗ್ಲೆಂಡಿನ ಹಳ್ಳಿಯ ಚರ್ಚೂ ಕಥೋಲಿಕ ಚರ್ಚೇ. ನೇವ್ ಮತ್ತು ಚಾನ್ಸೆಲ್ ನಡುವೆ ಕೆತ್ತನೆಯ ಮರದ ತಡಿಕೆ. ಅದರ ಮೇಲೆ ಶಿಲುಬೆಯ ಮೇಲಿನ ಯೇಸು, ಎಡಬಲದಲ್ಲಿ ಮರಿಯಮ್ಮ ಮತ್ತು ಸಂತ ಯೋಹಾನ. ಅದರ ಹಿಂದೆ ಕೊನೆಯ ತೀರ್ಪಿನ ಚಿತ್ರ, ಒಂದು ಕಡೆ ಸ್ವರ್ಗಕ್ಕೆ ಏರುವವರು, ಇನ್ನೊಂದು ಕಡೆ ನರಕದ ಬಾಯಿಗೆ ಬೀಳುವವರು. ಉತ್ತರದ ಗೋಡೆಯಲ್ಲಿ, ಬಾಗಿಲಿನಿಂದ ಒಳಬಂದ ಕೂಡಲೇ ಕಾಣುವಂತೆ, ಮಗು ಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುವ ಸಂತ ಕ್ರಿಸ್ಟೋಫರ್. ಅವನನ್ನು ನೋಡಿದ ದಿನ ಅಕಾಲ ಮರಣ ಬಾರದು ಎಂಬ ನಂಬಿಕೆಯಿತ್ತು.

ದೊರೆ ಎಂಟನೆಯ ಹೆನ್ರಿ 1534ರಲ್ಲಿ ಪೋಪರ ಬದಲು ತನ್ನನ್ನೇ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥನೆಂದು ಸಾರಿಸಿಕೊಂಡ. 1538ರಲ್ಲಿ ಪ್ರತಿ ಪ್ಯಾರಿಷ್ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು ಎಂಬ ಆಜ್ಞೆ ಬಂತು. ಇಂದು ತಮ್ಮ ವಂಶವನ್ನು ಹುಡುಕುವ ಇಂಗ್ಲಿಷರು ಮೊದಲು ತೆರೆಯುವುದು ಆ ಪುಸ್ತಕಗಳನ್ನೇ. ಹೆನ್ರಿಯ ಮಗ ಆರನೆಯ ಎಡ್ವರ್ಡನ ಕಾಲದಲ್ಲಿ, 1547ರಿಂದ ಮುಂದಕ್ಕೆ, ಪ್ರತಿಮೆಗಳ ಪೂಜೆ ಸಲ್ಲದೆನ್ನುವ ಪ್ರೊಟೆಸ್ಟಂಟರ ಕೈ ಮೇಲಾಗಿ, ಪ್ರತಿಮೆಗಳನ್ನು ತೆಗೆಸಿದರು, ಗೋಡೆಚಿತ್ರಗಳ ಮೇಲೆ ಸುಣ್ಣ ಬಳಿಸಿದರು, ಕಲ್ಲಿನ ಬಲಿಪೀಠಗಳನ್ನು ಕಿತ್ತು ಮರದ ಮೇಜುಗಳನ್ನು ಇಡಿಸಿದರು. 1553ರಲ್ಲಿ ಕಥೋಲಿಕಳಾದ ಮೇರಿ ಪಟ್ಟಕ್ಕೆ ಬಂದಾಗ ಎಲ್ಲವೂ ಹಿಂದಕ್ಕೆ. 1558ರಲ್ಲಿ ಎಲಿಜಬೆತ್ ಬಂದ ಮೇಲೆ ಮತ್ತೆ ತೆಗೆಯುವ ಕೆಲಸ. ಒಂದು ಶತಮಾನದ ಬಳಿಕ, ಅಂತರ್ಯುದ್ಧದ ನಡುವೆ, 1643–44ರಲ್ಲಿ ವಿಲಿಯಂ ಡೌಸಿಂಗ್ ಎಂಬವನು ಕೇಂಬ್ರಿಡ್ಜ್‌ಶೈರ್ ಮತ್ತು ಸಫೋಕ್‌ಗಳಲ್ಲಿ ಊರೂರು ತಿರುಗಿ ಉಳಿದ ಚಿತ್ರಗಳನ್ನೂ ಗಾಜನ್ನೂ ಒಡೆಸಿದ. ಯಾವ ಊರಿನಲ್ಲಿ ಎಷ್ಟು ಒಡೆಸಿದೆ ಎಂದು ಅವನು ಬರೆದಿಟ್ಟ ದಿನಚರಿಯೂ ಉಳಿದಿದೆ.

ಊರವರು ಇದನ್ನೆಲ್ಲ ಹೇಗೆ ತಾಳಿಕೊಂಡರು ಎಂಬುದಕ್ಕೆ ಡೆವನ್‌ನ ಮೋರ್‌ಬಾತ್ ಎಂಬ ಹಳ್ಳಿಯ ಲೆಕ್ಕಪುಸ್ತಕದಷ್ಟು ಮನಮುಟ್ಟುವ ಸಾಕ್ಷಿ ಇನ್ನೊಂದಿಲ್ಲವೆಂದು ನನ್ನ ಭಾವನೆ. 1520ರಿಂದ 1574ರ ವರೆಗೆ ಕ್ರಿಸ್ಟಫರ್ ಟ್ರಿಕಿ ಎಂಬ ಒಬ್ಬರೇ ಅಲ್ಲಿ ಪಾದ್ರಿಯಾಗಿದ್ದರು. ನಾಲ್ವರು ದೊರೆಗಳು ಬಂದು, ಪೂಜೆಯ ಪದ್ಧತಿ ಮತ್ತೆ ಮತ್ತೆ ಬದಲಾದರೂ ಅವರು ಊರು ಬಿಡಲಿಲ್ಲ. ಎಡ್ವರ್ಡನ ಕಾಲದಲ್ಲಿ ಚರ್ಚಿನ ವಸ್ತ್ರಗಳನ್ನೂ ಸಾಮಾನುಗಳನ್ನೂ ಊರವರು ತಮ್ಮ ತಮ್ಮ ಮನೆಗಳಲ್ಲಿ ಅಡಗಿಸಿಟ್ಟಿದ್ದರು, ಮೇರಿಯ ಕಾಲದಲ್ಲಿ ಒಬ್ಬೊಬ್ಬರಾಗಿ ತಂದು ಒಪ್ಪಿಸಿದರು. ಯಾರ ಮನೆಯಿಂದ ಏನು ಬಂತು ಎಂಬುದನ್ನು ಟ್ರಿಕಿ ಬರೆದಿಟ್ಟಿದ್ದಾರೆ.

ಸುಣ್ಣ ಬಳಿದದ್ದು ಒಂದು ರೀತಿಯಲ್ಲಿ ರಕ್ಷಣೆಯೂ ಆಯಿತು. ಸಫೋಕ್‌ನ ವೆನ್‌ಹ್ಯಾಸ್ಟನ್ ಚರ್ಚಿನಲ್ಲಿ ಕೊನೆಯ ತೀರ್ಪಿನ ಚಿತ್ರವನ್ನು ಗೋಡೆಯ ಮೇಲಲ್ಲ, ಮರದ ಹಲಗೆಗಳ ಮೇಲೆ ಬರೆದಿದ್ದರು; ಆಮೇಲೆ ಅದರ ಮೇಲೆ ಸುಣ್ಣ ಬಳಿದಿದ್ದರು. 1892ರಲ್ಲಿ ಚರ್ಚಿನ ದುರಸ್ತಿ ನಡೆದಾಗ ಹಳೆಯ ಹಲಗೆಗಳೆಂದು ತಿಳಿದು ಕಿತ್ತು ಹೊರಗಿನ ಅಂಗಳಕ್ಕೆ ಹಾಕಿದರು. ರಾತ್ರಿ ಮಳೆ ಬಂತು. ಬೆಳಗ್ಗೆ ನೋಡುವಾಗ ಸುಣ್ಣ ತೊಳೆದುಹೋಗಿ ಸೈತಾನನೂ ದೇವದೂತರೂ ಸ್ವರ್ಗದ ಬಾಗಿಲಿನಲ್ಲಿ ನಿಂತ ಸಂತ ಪೇತ್ರನೂ ಕಾಣಿಸುತ್ತಿದ್ದರು. ಆ ಹಲಗೆಗಳ ನಡುವೆ ಶಿಲುಬೆಯ ಆಕಾರವೂ ಅದರ ಎರಡು ಬದಿಗಳಲ್ಲಿ ನಿಂತ ಇಬ್ಬರ ಆಕಾರಗಳೂ ಬಣ್ಣವಿಲ್ಲದೆ ಖಾಲಿಯಾಗಿವೆ. ಕೆತ್ತಿದ ಯೇಸು, ಮರಿಯಮ್ಮ, ಯೋಹಾನರ ಪ್ರತಿಮೆಗಳನ್ನು ನಿಲ್ಲಿಸಿದ್ದ ಜಾಗವದು. ಪ್ರತಿಮೆಗಳು ಹೋಗಿವೆ, ಅವು ನಿಂತಿದ್ದ ನೆರಳಿನ ಗುರುತು ಉಳಿದಿದೆ. ನೀವು ಕೇಳಿದ ಖಾಲಿ ಗೂಡುಗಳೂ ಅಂಥವೇ.

ಪ್ರಶ್ನೆ: ನಾನು ಮರದ ಕೆಲಸದ ಆಚಾರಿ. ಚಿತ್ರದಲ್ಲಿ ಆ ಅಗಲದ ಮಾಡಿಗೆ ನಡುವೆ ಕಂಬವೂ ಇಲ್ಲ, ಗೋಡೆಯಿಂದ ಗೋಡೆಗೆ ತೊಲೆಯೂ ಇಲ್ಲ. ಹೇಗೆ ನಿಂತಿದೆ? ಯಾವ ಮರ? (ನೀರ್ಚಾಲು)

ಉತ್ತರ: ಮರ ಓಕ್. ನೀವು ಕಂಡದ್ದಕ್ಕೆ ‘ಹ್ಯಾಮರ್‌ಬೀಮ್’ ಮಾಡು ಎನ್ನುತ್ತಾರೆ. ಎರಡೂ ಗೋಡೆಗಳ ತಲೆಯಿಂದ ಗಿಡ್ಡ ತೊಲೆಗಳನ್ನು ಒಳಕ್ಕೆ ಚಾಚಿಸಿ, ಅವುಗಳ ಕೆಳಗೆ ಬಾಗಿದ ಆಸರೆ ಕೊಟ್ಟು, ಅವುಗಳ ತುದಿಯ ಮೇಲೆ ನೆಟ್ಟ ಕಂಬದಿಂದ ಮೇಲಿನ ಪಕ್ಕಾಸುಗಳನ್ನು ಹೊರಿಸುತ್ತಾರೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ಬಂದುದರಿಂದ ಕೊನೆಯಲ್ಲಿ ದಾಟಬೇಕಾದ ಅಂತರ ಕಡಿಮೆಯಾಗುತ್ತದೆ. ಚಾಚಿದ ತೊಲೆಗಳ ತುದಿಗೆ ರೆಕ್ಕೆ ಬಿಚ್ಚಿದ ದೇವದೂತರನ್ನು ಕೆತ್ತುವುದು ಪೂರ್ವ ಇಂಗ್ಲೆಂಡಿನ ವಿಶೇಷ. ಕೇಂಬ್ರಿಡ್ಜ್‌ಶೈರಿನ ಮಾರ್ಚ್ ಎಂಬ ಊರಿನ ಸಂತ ವೆಂಡ್ರೆಡಾ ಚರ್ಚಿನ ಮಾಡಿನಲ್ಲಿ ನೂರಕ್ಕೂ ಹೆಚ್ಚು ದೇವದೂತರಿದ್ದಾರೆ.

ನಿಮಗೆ ಆಶ್ಚರ್ಯವೆನಿಸಬಹುದಾದ ಸಂಗತಿಯೆಂದರೆ, ಅವರು ಓಕ್ ಮರವನ್ನು ಬಹುತೇಕ ಹಸಿಯಾಗಿರುವಾಗಲೇ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು, ಏಕೆಂದರೆ ಒಣಗಿದ ಓಕ್ ಉಳಿಗೆ ಬಗ್ಗದಷ್ಟು ಗಟ್ಟಿ. ಕಬ್ಬಿಣದ ಮೊಳೆಯ ಬದಲು ಓಕ್‌ನದೇ ಗೂಟ ಹೊಡೆಯುತ್ತಿದ್ದರು. ಮರ ಒಣಗಿದಂತೆ ಸಂದು ಬಿಗಿಯಾಗುತ್ತದೆ. ಆದರೆ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಡರ್ಬಿಶೈರಿನ ಚೆಸ್ಟರ್‌ಫೀಲ್ಡ್ ಚರ್ಚಿನ ಚೂಪು ಶಿಖರವಿದೆ. 228 ಅಡಿ ಎತ್ತರದ ಆ ಶಿಖರ ಸುರುಳಿಯಾಗಿ ತಿರುಚಿಕೊಂಡು, ತುದಿಯು ನಡುವಿನಿಂದ 9 ಅಡಿಗೂ ಹೆಚ್ಚು ಪಕ್ಕಕ್ಕೆ ವಾಲಿದೆ. ಒಳಗಿನ ಹಸಿ ಮರದ ಚೌಕಟ್ಟಿಗೆ ಅಡ್ಡ ಬಿಗಿ ಸಾಲದು. ಮೇಲೆ ಸುಮಾರು 33 ಟನ್ ಸೀಸದ ತಗಡು. ಬಿಸಿಲು ಬೀಳುವ ಮಗ್ಗುಲಿನಲ್ಲಿ ಆ ಸೀಸ ಹೆಚ್ಚು ಹಿಗ್ಗುತ್ತದೆ. ಮಹಾಮಾರಿಯಲ್ಲಿ ನುರಿತ ಆಚಾರಿಗಳು ಸತ್ತುಹೋದದ್ದೂ ಒಂದು ಕಾರಣವೆಂದು ಹೇಳುವುದುಂಟು. ಮಧೂರಿನ ಗಜಪೃಷ್ಠದ ಮಾಡಿಗೆ ತಾಮ್ರ ಹೊದೆಸಿದ್ದನ್ನು ಕಂಡಿರುವ ನಿಮಗೆ, ಲೋಹದ ಹೊದಿಕೆಯ ಕೆಳಗಿನ ಮರದ ಕೆಲಸ ಎಷ್ಟು ಜತನ ಬೇಡುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ: ಚರ್ಚಿನ ಅಂಗಳದಲ್ಲಿರುವ ದೊಡ್ಡ ಮರ ಯಾವುದು? (ಕುಂಬಳೆ)

ಉತ್ತರ: ಅದು ಯೂ ಮರ. ಸಾವಿರ ವರ್ಷಕ್ಕೂ ಮೀರಿ ಬದುಕಬಲ್ಲದು. ಕೆಲವೆಡೆ ಚರ್ಚಿಗಿಂತಲೂ ಹಳೆಯದು. ಅದರ ಸೊಪ್ಪು ದನಗಳಿಗೆ ವಿಷ.

ಪ್ರಶ್ನೆ: ನಮ್ಮೂರಿನ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯಲ್ಲಿದ್ದೇನೆ. ಹಳೆಯ ಮುರಕಲ್ಲಿನ ಸುತ್ತುಪೌಳಿಯನ್ನು ಪೂರ್ತಿ ತೆಗೆದು ಹೊಸದಾಗಿ ಕಟ್ಟಬೇಕೆಂದು ಕೆಲವರು, ಸುಣ್ಣ ಕೆರೆದು ಸಿಮೆಂಟು ಹಾಕಿದರೆ ಸಾಕೆಂದು ಕೆಲವರು. ಅಲ್ಲಿಯವರು ಹೇಗೆ ಮಾಡುತ್ತಾರೆ? ಖರ್ಚು ಯಾರದು? (ಮುಳ್ಳೇರಿಯ)

ಉತ್ತರ: ಜೀರ್ಣೋದ್ಧಾರ ಎಂಬ ನಿಮ್ಮ ಮಾತಿಗೆ ಅಲ್ಲಿಯೇ ಒಂದು ಶಾಸನವಿದೆ. ಯಾರ್ಕ್‌ಶೈರಿನ ಕರ್ಕ್‌ಡೇಲ್ ಚರ್ಚಿನ ಬಾಗಿಲಿನ ಮೇಲೆ ಒಂದು ನೆರಳುಗಡಿಯಾರದ ಕಲ್ಲಿದೆ. ಗಮಲನ ಮಗ ಓರ್ಮ್ ಎಂಬವನು ಸಂತ ಗ್ರೆಗರಿಯ ಈ ಚರ್ಚು ಮುರಿದು ಬಿದ್ದಿದ್ದಾಗ ಅದನ್ನು ಕೊಂಡು, ನೆಲದಿಂದ ಹೊಸದಾಗಿ ಕಟ್ಟಿಸಿದನೆಂದೂ, ಆಗ ಎಡ್ವರ್ಡ್ ದೊರೆಯೂ ತೋಸ್ತಿ ಸಾಮಂತನೂ ಆಗಿದ್ದರೆಂದೂ ಅದರಲ್ಲಿ ಹಳೆಯ ಇಂಗ್ಲಿಷಿನಲ್ಲಿ ಕೊರೆದಿದ್ದಾರೆ. ಇದರಿಂದ ಆ ಕೆಲಸ ನಡೆದದ್ದು 1055 ಮತ್ತು 1065ರ ನಡುವೆ ಎಂದು ತಿಳಿಯುತ್ತದೆ. ಓರ್ಮ್ ಪೂರ್ತಿ ಕೆಡವಿ ಕಟ್ಟಿದ, ನಿಜ. ಆದರೆ ಅವನು ಕಂಡದ್ದು ಬಿದ್ದುಹೋದ ಕಟ್ಟಡ.

ನಿಂತಿರುವ ಕಟ್ಟಡವನ್ನು ಹೊಸದಾಗಿಸುವ ಉತ್ಸಾಹ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮಧ್ಯಯುಗದ ‘ಶುದ್ಧ’ ರೂಪಕ್ಕೆ ಮರಳಿಸುತ್ತೇವೆಂದು ಎಷ್ಟೋ ಚರ್ಚುಗಳ ಒಳಗಾರೆಯನ್ನು ಕೆರೆದು ಕಲ್ಲು ಕಾಣಿಸಿದರು. ಆ ಗಾರೆಯೊಂದಿಗೆ, ಸುಣ್ಣದಡಿ ಮೂರು ಶತಮಾನ ಉಳಿದಿದ್ದ ಚಿತ್ರಗಳೂ ಹೋದವು. ನಂತರದ ಕಾಲದ ಕಿಟಕಿಗಳನ್ನು ಕಿತ್ತು, ತಾವು ಊಹಿಸಿದ ಹಳೆಯ ಕಿಟಕಿಗಳನ್ನು ಇಟ್ಟರು. ಟ್ಯೂಕ್ಸ್‌ಬರಿಯ ದೊಡ್ಡ ಚರ್ಚಿಗೂ ಅದೇ ಗತಿ ಬರುವುದನ್ನು ಕಂಡು ಕವಿಯೂ ಕುಶಲಕರ್ಮಿಯೂ ಆಗಿದ್ದ ವಿಲಿಯಂ ಮಾರಿಸ್ ಪ್ರತಿಭಟಿಸಿದರು, ಮತ್ತು 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದರು. ಪ್ರತಿಯೊಂದು ಕಾಲದವರು ಸೇರಿಸಿದ್ದೂ ಕಟ್ಟಡದ ಚರಿತ್ರೆಯೇ. ದಿನದಿನದ ಆರೈಕೆಯಿಂದ ಅದನ್ನು ಉಳಿಸಬೇಕೇ ಹೊರತು, ಒಂದು ಕಾಲಕ್ಕೆ ಹಿಂದಿರುಗಿಸಲು ಇನ್ನೊಂದನ್ನು ಅಳಿಸಬಾರದು ಎಂಬುದು ಅವರ ನಿಲುವು. ನಾನು ಇದನ್ನು ಪೂರ್ತಿಯಾಗಿ ಒಪ್ಪುತ್ತೇನೆ.

ಈಗ ಚರ್ಚ್ ಆಫ್ ಇಂಗ್ಲೆಂಡಿನ ಬಳಿ ಸುಮಾರು 16,000 ಕಟ್ಟಡಗಳಿವೆ. ಅವುಗಳಲ್ಲಿ ಅರ್ಧದಷ್ಟು ಮಧ್ಯಯುಗದವು. 1955ರಲ್ಲಿ ಬಂದ ನಿಯಮದಂತೆ ಐದು ವರ್ಷಕ್ಕೊಮ್ಮೆ ಅರ್ಹ ವಾಸ್ತುಶಿಲ್ಪಿ ಅಥವಾ ಕಟ್ಟಡ ತಜ್ಞರೊಬ್ಬರು ಪ್ರತಿಯೊಂದನ್ನು ಪರೀಕ್ಷಿಸಿ ವರದಿ ಕೊಡಬೇಕು. ಕಟ್ಟಡದಲ್ಲಿ ಗಣನೀಯವಾದ ಬದಲಾವಣೆ ಮಾಡಬೇಕಾದರೂ ಧರ್ಮಪ್ರಾಂತ್ಯದ ನ್ಯಾಯಾಲಯದ ಅನುಮತಿ ಬೇಕು. ಖರ್ಚು ಮುಖ್ಯವಾಗಿ ಊರಿನ ಭಕ್ತರದು, ಜೊತೆಗೆ ಕೆಲವು ಅನುದಾನಗಳು. ಜನರಿಲ್ಲದೆ ಮುಚ್ಚಿದ 350ಕ್ಕೂ ಹೆಚ್ಚು ಚರ್ಚುಗಳನ್ನು 1969ರಲ್ಲಿ ಹುಟ್ಟಿದ ಒಂದು ನಿಧಿ ನೋಡಿಕೊಳ್ಳುತ್ತಿದೆ. ಮೇಲೆ ಹೇಳಿದ ಚಾನ್ಸೆಲ್‌ನ ಹಳೆಯ ಹೊಣೆಯೂ ಪೂರ್ತಿ ಸತ್ತಿಲ್ಲ. ವಾರಿಕ್‌ಶೈರಿನಲ್ಲಿ ಅಂಥ ಹೊಣೆ ಅಂಟಿಕೊಂಡಿದ್ದ ಜಮೀನಿನ ಒಡೆಯರಾದ ದಂಪತಿಯೇ ಚಾನ್ಸೆಲ್‌ನ ದುರಸ್ತಿಯ ಖರ್ಚು ಕೊಡಬೇಕೆಂದು 2003ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ತೀರ್ಪಿತ್ತಿತು.

ಸಿಮೆಂಟಿನ ವಿಚಾರದಲ್ಲಿ ಅಲ್ಲಿನ ಅನುಭವ ಸ್ಪಷ್ಟವಾಗಿದೆ. ಇಪ್ಪತ್ತನೆಯ ಶತಮಾನದಲ್ಲಿ ಸುಣ್ಣದ ಗಾರೆಯ ಸಂದುಗಳಿಗೆ ಸಿಮೆಂಟು ತುಂಬಿದ ಕಡೆಗಳಲ್ಲಿ, ಗೋಡೆಯೊಳಗಿನ ತೇವ ಸಂದಿನಿಂದ ಹೊರಬರಲಾರದೆ ಮೆದು ಕಲ್ಲಿನ ಮೂಲಕ ಹೊರಬಂದು, ಕಲ್ಲೇ ಉದುರತೊಡಗಿತು. ಈಗ ಆ ಸಿಮೆಂಟನ್ನು ಬಿಡಿಸಿ ಮತ್ತೆ ಸುಣ್ಣದ ಗಾರೆಯನ್ನೇ ತುಂಬುತ್ತಿದ್ದಾರೆ. ನಿಮ್ಮ ಪೌಳಿಯೂ ಸುಣ್ಣದ ಗಾರೆಯಲ್ಲಿ ಕಟ್ಟಿದ್ದಾದರೆ, ಹಳೆಯ ಮುರಕಲ್ಲಿನ ಕಟ್ಟಡಗಳನ್ನು ದುರಸ್ತಿ ಮಾಡಿ ಅನುಭವವಿರುವ ಎಂಜಿನಿಯರರೊಬ್ಬರಿಗೆ ತೋರಿಸದೆ ಸಿಮೆಂಟಿಗೆ ಕೈಹಾಕಬೇಡಿರಿ. ಕೆಲಸ ಆರಂಭವಾಗುವ ಮೊದಲು ನಾಲ್ಕೂ ಬದಿಗಳ ಛಾಯಾಚಿತ್ರ ತೆಗೆಸಿಡಿ. ಸುಣ್ಣವನ್ನು ಕೆರೆಯುವುದೇ ಆದರೆ ಮೊದಲು ಅಂಗೈಯಗಲದ ಜಾಗದಲ್ಲಿ, ಪದರ ಪದರವಾಗಿ, ಕೈಯಿಂದಲೇ ಕೆರೆಸಿ, ಕೆಳಗೆ ಬಣ್ಣವೋ ಅಕ್ಷರವೋ ಇದೆಯೇ ಎಂದು ನೋಡಿರಿ.